ಜೋಯಿ ಡನ್‌ಲಪ್: ಟ್ರ್ಯಾಕ್ ಬಿಟ್ಟು ಊರ ರಸ್ತೆಯಲ್ಲೇ ಗೆದ್ದವನು

ಬೈಕ್ ರೇಸ್ ಅಂದ್ರೆ ನಮ್ಮಲ್ಲಿ ಬಹುತೇಕರಿಗೆ ಮೋಟೋಜಿಪಿ, ವ್ಯಾಲೆಂಟಿನೋ ರೊಸ್ಸಿ. ಉತ್ತರ ಐರ್ಲೆಂಡಿನ ಬ್ಯಾಲಿಮನಿಯ ಜೋಯಿ ಡನ್‌ಲಪ್ (1952–2000) ಆ ಲೋಕದವರಲ್ಲ. ರೇಸಿಗಾಗಿ ಸಂಚಾರ ನಿಲ್ಲಿಸಿದ ಸಾರ್ವಜನಿಕ ರಸ್ತೆಗಳೇ ಅವರ ಕಣ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯುವ ಟಿಟಿ ರೇಸಿನಲ್ಲಿ ಅವರು ಗೆದ್ದದ್ದು 26 ಬಾರಿ.

ಟಿಟಿಯ ಒಂದು ಸುತ್ತು ಸುಮಾರು 60 ಕಿಲೋಮೀಟರ್. ಸವಾರರು 10 ಸೆಕೆಂಡಿನ ಅಂತರದಲ್ಲಿ ಹೊರಡ್ತಾರೆ, ಸ್ಪರ್ಧೆ ಗಡಿಯಾರದ ಜೊತೆ. ಟ್ರ್ಯಾಕಿನಲ್ಲಿ ಬಿದ್ದ ಸವಾರನ ವೇಗವನ್ನು ಅಂಚಿನ ಜಲ್ಲಿ ಹಾಸು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತೆ. ಇಲ್ಲಿ ಆ ಕೆಲಸವನ್ನು ಕಲ್ಲಿನ ಗೋಡೆಯೋ ದೀಪದ ಕಂಬವೋ ಒಂದೇ ಏಟಿಗೆ ಮುಗಿಸುತ್ತೆ. ಈ ಹಾದಿಯಲ್ಲಿ ಸತ್ತವರು 250ಕ್ಕೂ ಹೆಚ್ಚು. 1972ರಲ್ಲಿ ಗಿಲ್ಬರ್ಟೊ ಪಾರ್ಲೊಟ್ಟಿ ಸತ್ತ ಮೇಲೆ ಜಾಕೊಮೊ ಅಗೊಸ್ಟಿನಿಯಂಥ ದಿಗ್ಗಜರೇ ಬಹಿಷ್ಕರಿಸಿದರು. 1977ರಿಂದ ಟಿಟಿ ಗ್ರ್ಯಾನ್ ಪ್ರೀ ಪಟ್ಟಿಯಲ್ಲೇ ಇಲ್ಲ.

ಜೋಯಿ ಅಲ್ಲಿ ಮೊದಲ ಸಲ ಗೆದ್ದದ್ದು ಅದೇ 1977ರಲ್ಲಿ. ದೊಡ್ಡವರು ಬಿಟ್ಟುಹೋದ ಮೇಲೆ ಟಿಟಿಗೆಂದೇ ಹುಟ್ಟುಹಾಕಿದ 'ಟಿಟಿ ಫಾರ್ಮುಲಾ 1' ವಿಶ್ವ ಪಟ್ಟವನ್ನು ಹೋಂಡಾ ಬೈಕಿನಲ್ಲಿ 1982ರಿಂದ 86ರವರೆಗೆ ಸತತ ಐದು ಸಲ ಗೆದ್ದರು. ಸಮಾಧಾನಕರ ಬಹುಮಾನ ಅಂತ ಮೂಗು ಮುರಿಯಬಹುದು. ನಾನಂತೂ ಒಪ್ಪಲ್ಲ, ಆ ರಸ್ತೆಯ ತಿರುವುಗಳನ್ನು ನೆನಪಿಟ್ಟುಕೊಳ್ಳೋದೇ ಒಂದು ವಿದ್ಯೆ. 1985ರಲ್ಲಿ ದ್ವೀಪಕ್ಕೆ ಹೊರಟಿದ್ದ ಮೀನುಗಾರಿಕಾ ದೋಣಿ ಮುಳುಗಿತು, ಎಲ್ಲರೂ ಬದುಕಿದರು. ಆ ವರ್ಷವೂ ಜೋಯಿ ಮೂರು ರೇಸ್ ಗೆದ್ದರು!

ಅವರ ವೃತ್ತಿಯ ಬಹುಪಾಲು ಉತ್ತರ ಐರ್ಲೆಂಡಿನ ಹಿಂಸೆಯ ಕಾಲದಲ್ಲೇ ಕಳೆಯಿತು. ಪ್ರೊಟೆಸ್ಟೆಂಟರ ಬೀದಿ, ಕ್ಯಾಥೊಲಿಕರ ಬೀದಿ, ಶಾಲೆಗಳೂ ಬೇರೆ. ಫುಟ್‌ಬಾಲ್ ಕ್ಲಬ್ಬಿನ ಹೆಸರು ಕೇಳಿದರೇ ಧರ್ಮ ಗೊತ್ತಾಗುತ್ತಿತ್ತು. ನಮಗೇನೂ ಅಪರಿಚಿತ ಅಲ್ಲದ ಚಿತ್ರ. ರಸ್ತೆ ರೇಸಿಗೆ ಮಾತ್ರ ಎರಡೂ ಕಡೆಯವರು ಒಂದೇ ಬೇಲಿಗೆ ಆತು ನಿಲ್ಲುತ್ತಿದ್ದರು. ಜೋಯಿ ಯಾರ ಪರವಾಗಿಯೂ ಬಾವುಟ ಹಿಡಿಯಲಿಲ್ಲ. ಬ್ಯಾಲಿಮನಿಯಲ್ಲಿ ಬಾರ್ ನಡೆಸಿದರು, ರೊಮೇನಿಯಾದ ಅನಾಥಾಲಯಗಳಿಗೆ ಆಹಾರ, ಬಟ್ಟೆ ತುಂಬಿಕೊಂಡು ವ್ಯಾನ್ ಓಡಿಸಿದರು.

ಇದನ್ನು ಸೌಹಾರ್ದದ ಕಥೆ ಮಾಡಿ ಮುಗಿಸೋಕೆ ಆಗಲ್ಲ. ಶಾಂತಿ ಒಪ್ಪಂದವಾದ ಮೂರೇ ತಿಂಗಳಿಗೆ, 1998ರ ಜುಲೈನಲ್ಲಿ, ಇದೇ ಬ್ಯಾಲಿಮನಿಯಲ್ಲಿ ಕ್ಯಾಥೊಲಿಕ್ ತಾಯಿಯೊಬ್ಬರ ಮನೆಗೆ ಬೆಂಕಿ ಹಚ್ಚಿ ಮೂವರು ಪುಟ್ಟ ಮಕ್ಕಳನ್ನು ಕೊಂದರು.

2000ದ ಜೂನ್‌ನಲ್ಲಿ, 48ನೇ ವಯಸ್ಸಿನಲ್ಲಿ, ಜೋಯಿ ಒಂದೇ ವಾರದಲ್ಲಿ ಮತ್ತೆ ಮೂರು ಟಿಟಿ ಗೆದ್ದರು. ಒಂದು ತಿಂಗಳೊಳಗೆ, ಜುಲೈ 2ರಂದು, ಎಸ್ಟೋನಿಯಾದ ಟಾಲಿನ್‌ನಲ್ಲಿ ಮಳೆಯಲ್ಲಿ ನಡೆದ 125 ಸಿಸಿ ರೇಸಿನಲ್ಲಿ ಮರಕ್ಕೆ ಬಡಿದು ತೀರಿಕೊಂಡರು. ಅಂತ್ಯಕ್ರಿಯೆಗೆ ಸುಮಾರು 50,000 ಜನ ಸೇರಿದ್ದರು, ಎರಡೂ ಕಡೆಯವರು.

ತಮ್ಮ ರಾಬರ್ಟ್ 2008ರಲ್ಲಿ ನಾರ್ತ್ ವೆಸ್ಟ್ 200 ರೇಸಿನ ಅಭ್ಯಾಸದಲ್ಲಿ ಸತ್ತರು. ಎರಡೇ ದಿನದ ನಂತರ ರಾಬರ್ಟ್ ಮಗ ಮೈಕಲ್ ಅದೇ ರಸ್ತೆಯಲ್ಲಿ 250 ಸಿಸಿ ರೇಸ್ ಗೆದ್ದ. 2018ರಲ್ಲಿ ಮೈಕಲ್‌ನ ಅಣ್ಣ ವಿಲಿಯಂ ಕೂಡ ಅಭ್ಯಾಸದಲ್ಲೇ ಹೋದ. ದೊಡ್ಡಪ್ಪನ 26ರ ದಾಖಲೆಯನ್ನು 2024ರಲ್ಲಿ ಮುರಿದವನೂ ಮೈಕಲ್.