ಮಣ್ಣಿನ ಮನೆ, ಮರದ ಮಹಡಿ: ಕೈ ಬದಲಿಸುತ್ತಲೇ ಉಳಿದುಕೊಂಡ ಒಂದು ಹೋಟೆಲ್



ಫೋನ್‌ನಲ್ಲಿ ಪಿಡಿಎಫ್ ತೆರೆಯುವಾಗ ‘ಅಡೋಬಿ’ ಅನ್ನೋ ಹೆಸರು ನೀವೆಲ್ಲ ನೋಡಿರ್ತೀರಿ. ಆ ಕಂಪನಿಗೆ ಹೆಸರು ಬಂದಿದ್ದು ಕ್ಯಾಲಿಫೋರ್ನಿಯಾದ ಅಡೋಬಿ ಕ್ರೀಕ್ ಅನ್ನೋ ಹಳ್ಳದಿಂದ. ಅಡೋಬಿ ಅಂದ್ರೆ ಹಸಿ ಇಟ್ಟಿಗೆ. ಜೇಡಿಮಣ್ಣು, ಮರಳು, ಒಣಹುಲ್ಲು, ನೀರು ಸೇರಿಸಿ ಕಲಸಿ, ಅಚ್ಚಿಗೆ ಹಾಕಿ, ಬಿಸಿಲಲ್ಲಿ ಒಣಗಿಸೋದು. ಸುಡೋ ಮಾತೇ ಇಲ್ಲ. ಅರಬ್ಬಿ ಭಾಷೆಯ ಪದ ಸ್ಪೇನಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂತು.

ಇವತ್ತಿನ ಕಥೆ ಅಂಥದ್ದೇ ಇಟ್ಟಿಗೆಯ ಒಂದು ಕಟ್ಟಡದ್ದು. ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ, ಅದರ ಹಳೇ ಪೇಟೆ. ಹೆಸರು ಕಾಸ್ಮೋಪಾಲಿಟನ್ ಹೋಟೆಲ್. ನಮ್ಮ ಇಡ್ಲಿ-ಕಾಫಿ ಹೋಟೆಲ್ ಅಲ್ಲ, ತಂಗೋ ಹೋಟೆಲ್.

ಮೊದಲು ಇದು ಮನೆ. 1827ರಿಂದ 1829ರ ನಡುವೆ ಕಟ್ಟಿಸಿದವರು ಪೆರು ಮೂಲದ ಹ್ವಾನ್ ಬ್ಯಾಂಡಿನಿ. ಆಗ ಕ್ಯಾಲಿಫೋರ್ನಿಯಾ ಮೆಕ್ಸಿಕೋಗೆ ಸೇರಿತ್ತು. ಒಂದೇ ಅಂತಸ್ತು, ದಪ್ಪ ಮಣ್ಣಿನ ಗೋಡೆ. ಊರಿನ ಔತಣ, ಕುಣಿತ ಎಲ್ಲಾ ಅಲ್ಲೇ. ಆ ಕಾಲದ ಅಲ್ಲಿನ ಮಣ್ಣಿನ ಮನೆಗಳ ಹಿಂದೆ ಕುಮೆಯಾಯ್ ಮೂಲನಿವಾಸಿಗಳ ದುಡಿಮೆ ದೊಡ್ಡದು. ಮನೆಗಳಿಗೆ ಉಳಿದಿದ್ದು ಮಾತ್ರ ಮಾಲೀಕರ ಹೆಸರು.

1846ರಲ್ಲಿ ಅಮೆರಿಕ–ಮೆಕ್ಸಿಕೋ ಯುದ್ಧ ಶುರುವಾಯ್ತು. ಅಮೆರಿಕದ ಕಮೊಡೋರ್ ಸ್ಟಾಕ್ಟನ್ ಸ್ವಲ್ಪ ಕಾಲ ಇದೇ ಮನೆಯಲ್ಲಿ ಕೂತು ಸೇನೆ ನಡೆಸಿದ. 1848ರಲ್ಲಿ ಒಪ್ಪಂದ ಆಗಿ ಕ್ಯಾಲಿಫೋರ್ನಿಯಾ ಅಮೆರಿಕದ ಪಾಲಾಯ್ತು. ಬ್ಯಾಂಡಿನಿ ಹೊಸ ಸರ್ಕಾರದ ಪರ ನಿಂತವರೇ. ಆದ್ರೂ ವ್ಯಾಪಾರ ಕೈಕೊಡ್ತು, ಸಾಲ ಏರ್ತು. ಮನೆ ಕೈಬಿಟ್ಟು ಹೋಯ್ತು. 1859ರಲ್ಲಿ ಅವರು ತೀರಿಕೊಂಡರು.

ಈಗ ಒಂದು ವಿಷಯ ಗಮನಿಸಿ. ಮಣ್ಣಿನ ಗೋಡೆಗೆ ವಯಸ್ಸು ಶತ್ರು ಅಲ್ಲ, ನೀರು ಶತ್ರು. ಮೇಲೆ ಸೂರು ಗಟ್ಟಿ ಇರ್ಬೇಕು, ಕೆಳಗೆ ಬುಡ ಒಣಗಿರ್ಬೇಕು. ಸೂರು ಸೋರಿದ್ರೆ ಮಳೆಗಾಲಕ್ಕೊಂದಿಷ್ಟು ಗೋಡೆ ಕರಗಿ ಮತ್ತೆ ಮಣ್ಣಾಗುತ್ತೆ. ಅದಕ್ಕೇ ಇಂಥ ಮನೆಗೆ ಪ್ರತಿ ವರ್ಷ ಯಾರಾದ್ರೂ ಮೆತ್ತೋರು, ಸಾರಿಸೋರು ಬೇಕು. ಬ್ಯಾಂಡಿನಿ ಮನೆಗೆ ಅಂಥವರು ಇಲ್ಲದೇ ಹೋಗಿ ಅದು ಪಾಳುಬಿತ್ತು.

1869ರಲ್ಲಿ ಅದನ್ನು ಕೊಂಡವನು ಆಲ್ಬರ್ಟ್ ಸೀಲಿ. ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್‌ಗೆ ಕುದುರೆ ಸಾರೋಟು ಓಡಿಸ್ತಿದ್ದವನು. ಪ್ರಯಾಣಿಕರು ಇಳಿಯೋ ಜಾಗದಲ್ಲೇ ತಂಗೋ ಕೋಣೆ ಇದ್ರೆ ಲಾಭ ಅಲ್ವಾ? ಹಳೇ ಮಣ್ಣಿನ ಗೋಡೆ ಕೆಡವಲಿಲ್ಲ. ಅದರ ಮೇಲೇ ಮರದ ಮಹಡಿ ಎಬ್ಬಿಸಿದ, ಸುತ್ತ ಮೊಗಸಾಲೆ ಕಟ್ಟಿದ. ಕೆಳಗೆ ಮೆಕ್ಸಿಕೋ ಕಾಲ, ಮೇಲೆ ಅಮೆರಿಕದ ಕಾಲ. ಕಾಸ್ಮೋಪಾಲಿಟನ್ ಹೋಟೆಲ್ ಹುಟ್ಟಿದ್ದು ಹೀಗೆ.

ಆದ್ರೆ ಊರೇ ಜಾಗ ಬದಲಿಸ್ತು. ಅಲೊಂಜೊ ಹಾರ್ಟನ್ ಅನ್ನೋರು ಬಂದರಿನ ಪಕ್ಕ ಹೊಸ ಪೇಟೆ ಕಟ್ಟಿದ್ರು. 1872ರಲ್ಲಿ ಹಳೇ ಪೇಟೆಗೆ ಬೆಂಕಿ ಬಿತ್ತು. 1880ರ ದಶಕದಲ್ಲಿ ರೈಲು ಬಂತು, ಸಾರೋಟು ಮೂಲೆಗೆ ಸೇರ್ತು. 1888ರಲ್ಲಿ ಸೀಲಿಯೂ ಹೋಟೆಲ್ ಮಾರಿದ. ಆಮೇಲೆ ಒಂದಷ್ಟು ಕಾಲ ಅಲ್ಲಿ ಆಲಿವ್ ಕಾಯಿ ಡಬ್ಬಿಗೆ ತುಂಬೋ ಕೆಲಸ ನಡೀತು! 1928ರಲ್ಲಿ ಕೊಂಡವರು ಕೇವ್ ಕೌಟ್ಸ್ ಜೂನಿಯರ್, ಬ್ಯಾಂಡಿನಿಯ ಮಗಳ ಮಗ. ಅಜ್ಜನ ಮನೆ ಮೊಮ್ಮಗನ ಕೈಗೆ ಬಂತು, ಅವರೂ ತಮ್ಮ ಕಾಲಕ್ಕೆ ತಕ್ಕಂತೆ ಅದರ ರೂಪ ಬದಲಿಸಿದ್ರು. 1968ರಲ್ಲಿ ರಾಜ್ಯ ಸರ್ಕಾರ ಹಳೇ ಪೇಟೆಯನ್ನೇ ಐತಿಹಾಸಿಕ ಉದ್ಯಾನ ಮಾಡ್ತು. ಈ ಕಟ್ಟಡವೂ ಅದರೊಳಗೆ ಬಂತು.

ದುರಸ್ತಿ ಅಂತ ಹೊರಟಾಗ ನಿಜವಾದ ಕಗ್ಗಂಟು ಎದುರಾಗುತ್ತೆ. ಯಾವ ವರ್ಷಕ್ಕೆ ದುರಸ್ತಿ ಮಾಡೋದು? 1829ರ ಮನೆ ಬೇಕಂದ್ರೆ ಸೀಲಿಯ ಮಹಡಿ ಕೆಡವಬೇಕು. ಹೋಟೆಲ್ ಬೇಕಂದ್ರೆ ಮೊಮ್ಮಗ ಮಾಡಿದ್ದನ್ನು ತೆಗೀಬೇಕು. ಏನನ್ನೇ ಉಳಿಸಿದ್ರೂ ಇನ್ನೊಂದು ಅಳಿಯುತ್ತೆ. ರಾಜ್ಯದ ಉದ್ಯಾನ ಇಲಾಖೆ 1870ರ ದಶಕದ ಹೋಟೆಲ್ ರೂಪವನ್ನು ಆಯ್ಕೆ ಮಾಡ್ತು. ಮೇಲಿನ ಪದರ ತೆಗೆದು ಸೀಲಿಯ ಕಾಲದ ಮರಗೆಲಸದ ಗುರುತು ಹುಡುಕಿದ್ರು. 2010ರಲ್ಲಿ ಹೋಟೆಲ್ ಮತ್ತೆ ಬಾಗಿಲು ತೆರೀತು.

ಒಪ್ಪೋದೂ ಬಿಡೋದೂ ನಿಮಗೆ ಬಿಟ್ಟಿದ್ದು. ನನಗನ್ನಿಸೋದು ಇಷ್ಟು: ಹಳೇ ಕಟ್ಟಡ ಮಾರಾಟಕ್ಕಿದೆ ಅಂದ್ರೆ ಇತಿಹಾಸ ಹೋಯ್ತು ಅಂತ ನಾವು ಹೌಹಾರ್ತೀವಿ. ಈ ಮಣ್ಣಿನ ಗೋಡೆ ಉಳಿದಿದ್ದು ಪಾಳುಬಿದ್ದಾಗ ಒಬ್ಬ ವ್ಯಾಪಾರಿ ಅದನ್ನು ಕೊಂಡಿದ್ದಕ್ಕೆ. ಅವನಿಗೆ ಪರಂಪರೆಯ ಚಿಂತೆ ಇರಲಿಲ್ಲ, ಕೋಣೆ ಬೇಕಿತ್ತು. ಸೂರು ಹಾಕಿದ, ಗೋಡೆ ಬದುಕಿತು. ಕೊಳ್ಳೋರು ಯಾರು ಅನ್ನೋದರ ಜೊತೆಗೆ, ಮುಂದಿನ ಮಳೆಗಾಲಕ್ಕೆ ಸೂರು ನೋಡಿಕೊಳ್ಳೋರು ಯಾರು ಅಂತಲೂ ಕೇಳಬೇಕು.

ನೀವಾಗಿದ್ರೆ ಯಾವ ವರ್ಷ ಆರಿಸ್ತಿದ್ರಿ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.