ನಾರ್ವೆಯಲ್ಲಿ ಸಿಕ್ಕ ಪ್ರಾಗ್‌ನ ಧ್ವನಿ

ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ 1939ರ ಜೂನ್ 5ರಂದು ಒಂದು ಸಂಗೀತ ಕಛೇರಿ ನಡೆಯಿತು. ಅದರ ಧ್ವನಿಮುದ್ರಣ ಸಿ.ಡಿ. ರೂಪದಲ್ಲಿ ಹೊರಬಂದದ್ದು 2011ರಲ್ಲಿ, ಅಂದರೆ 72 ವರ್ಷಗಳ ಬಳಿಕ. ಅದು ಸಿಕ್ಕಿದ್ದೂ ಪ್ರಾಗ್‌ನಲ್ಲಲ್ಲ, ದೂರದ ನಾರ್ವೆಯ ರೇಡಿಯೋ ಸಂಗ್ರಹದಲ್ಲಿ. ಅಂದು ನುಡಿಸಿದ್ದು ಜೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಅದನ್ನು ನಡೆಸಿದವರು ವಾತ್ಸ್ಲಾವ್ ತಾಲಿಖ್. ಆರು ವರ್ಷಗಳ ನಂತರ ಇದೇ ತಾಲಿಖ್, ನಾಜಿಗಳೊಂದಿಗೆ ಕೈಜೋಡಿಸಿದರೆಂಬ ಆರೋಪ ಹೊತ್ತು ಸೆರೆಮನೆ ಸೇರಬೇಕಾಯಿತು. ಆದ್ದರಿಂದಲೇ ಈ ಧ್ವನಿಮುದ್ರಣವನ್ನು ಬರಿಯ ಹಳೆಯ ಸಂಗೀತವೆಂದು ಪಕ್ಕಕ್ಕಿಡಲಾಗದು.

ಕಂಡಕ್ಟರ್ ಎಂದರೆ ನಮಗೆ ಮೊದಲು ನೆನಪಾಗುವುದು ಬಸ್ಸು. ಪಾಶ್ಚಾತ್ಯ ಸಂಗೀತದಲ್ಲಿ ಕಂಡಕ್ಟರ್ ಎಂದರೆ ವಾದ್ಯವೃಂದದ ನಿರ್ದೇಶಕ. ಅವನು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಎಂಬತ್ತು ತೊಂಬತ್ತು ಮಂದಿ ನುಡಿಸುವಾಗ ವೇಗ ಎಷ್ಟಿರಬೇಕು, ಯಾವ ವಾದ್ಯ ಮುಂದೆ ಕೇಳಿಸಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಅವನೇ. ಬರೆದಿಟ್ಟ ಕೃತಿ ಒಂದೇ ಆದರೂ ನಿರ್ದೇಶಕ ಬದಲಾದರೆ ಅದರ ಸ್ವಭಾವವೇ ಬದಲಾಗುತ್ತದೆ. ಅವನ ಕೆಲಸಕ್ಕೆ ಉಳಿಯುವ ನೇರ ಸಾಕ್ಷಿ ಧ್ವನಿಮುದ್ರಣವೊಂದೇ.

ತಾಲಿಖ್ ಹುಟ್ಟಿದ್ದು 1883ರ ಮೇ 28ರಂದು, ಮೊರಾವಿಯಾ ಪ್ರಾಂತ್ಯದ ಕ್ರೊಮೆರ್ಜಿಷ್ ಎಂಬ ಊರಿನಲ್ಲಿ. ಪ್ರಾಗ್‌ನಲ್ಲಿ ಪಿಟೀಲು ಕಲಿತರು. ಇಪ್ಪತ್ತರ ವಯಸ್ಸಿನಲ್ಲೇ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮುಂಚೂಣಿ ಪಿಟೀಲುವಾದಕರಾದರು. ಅಲ್ಲಿನ ನಿರ್ದೇಶಕ ಆರ್ಥರ್ ನಿಕಿಷ್ ಅವರನ್ನು ಹತ್ತಿರದಿಂದ ಕಂಡ ಮೇಲೆ ಪಿಟೀಲಿಗಿಂತ ನಿರ್ದೇಶನದತ್ತ ಮನಸ್ಸು ಹರಿಯಿತು. ಒಡೆಸ್ಸಾ, ಟಿಫ್ಲಿಸ್, ಲ್ಯುಬ್ಲಿಯಾನಾ, ಪಿಲ್ಸೆನ್ ಎಂದು ಊರೂರು ಸುತ್ತಿ ಕೊನೆಗೆ ಪ್ರಾಗ್ ಸೇರಿದರು. 1918ರ ಅಕ್ಟೋಬರ್ 28ರಂದು ಜೆಕೊಸ್ಲೊವಾಕಿಯಾ ಸ್ವತಂತ್ರವಾಯಿತು. ಎರಡೇ ದಿನಗಳ ನಂತರ, ಅಕ್ಟೋಬರ್ 30ರಂದು, ಯೋಸೆಫ್ ಸುಕ್ ಅವರ ದೊಡ್ಡ ಕೃತಿಯೊಂದರ ಮೊದಲ ಪ್ರದರ್ಶನವನ್ನು ಜೆಕ್ ಫಿಲ್‌ಹಾರ್ಮೋನಿಕ್‌ನೊಂದಿಗೆ ನಡೆಸಿಕೊಟ್ಟವರು ತಾಲಿಖ್. ಮರುವರ್ಷ ಅವರು ಆ ವೃಂದದ ಮುಖ್ಯ ನಿರ್ದೇಶಕರಾದರು. ಹೊಸ ದೇಶವೂ ಅದರ ವಾದ್ಯವೃಂದವೂ ಜೊತೆಯಲ್ಲೇ ಬೆಳೆದವು ಎನ್ನಬಹುದು.

ಆ ವೃಂದವನ್ನು ಜಗತ್ತಿನ ಶ್ರೇಷ್ಠ ವೃಂದಗಳ ಸಾಲಿಗೆ ತಂದದ್ದು ತಾಲಿಖ್ ಅವರ ಅಭ್ಯಾಸದ ಕ್ರಮ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ನುಡಿಸುವ ಮೊದಲು ತಂತಿವಾದ್ಯಗಳನ್ನು ಬೇರೆ, ಊದುವ ವಾದ್ಯಗಳನ್ನು ಬೇರೆ ಮಾಡಿ ಪಾಠ ಹೇಳುತ್ತಿದ್ದರು. ಯಾನಾಚೆಕ್ ಅವರ ಪ್ರಸಿದ್ಧ ‘ಸಿನ್‌ಫೋನಿಯೆಟ್ಟಾ’ 1926ರಲ್ಲಿ ಮೊದಲು ಕೇಳಿಸಿದ್ದೂ ಇವರ ನಿರ್ದೇಶನದಲ್ಲೇ.

ಅರಗಿನ ತಟ್ಟೆಗಳ ಕಾಲ

1929ರಲ್ಲಿ, ನಾಯಿಯ ಚಿತ್ರದಿಂದ ನಮಗೂ ಪರಿಚಿತವಾದ ಎಚ್.ಎಂ.ವಿ. ಕಂಪನಿಗಾಗಿ ತಾಲಿಖ್ ಪ್ರಾಗ್‌ನಲ್ಲಿ ಸ್ಮೆತನಾ ಅವರ ‘ಮಾ ವ್ಲಾಸ್ತ್’ ಕೃತಿಯನ್ನು ಮುದ್ರಿಸಿದರು. ‘ಮಾ ವ್ಲಾಸ್ತ್’ ಎಂದರೆ ‘ನನ್ನ ನಾಡು’. ಆ ಕೃತಿ ಇಡಿಯಾಗಿ ಧ್ವನಿಮುದ್ರಣಗೊಂಡದ್ದು ಅದೇ ಮೊದಲು.

ಅದು ಸುಲಭದ ಕೆಲಸವಾಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ. ‘ಮಾ ವ್ಲಾಸ್ತ್’ ಮುಗಿಯಲು ಸುಮಾರು ಒಂದೂಕಾಲು ಗಂಟೆ ಬೇಕು. ಹಾಗಾಗಿ ಕೃತಿಯನ್ನು ಇಪ್ಪತ್ತರಷ್ಟು ತುಂಡು ಮಾಡಬೇಕು. ಮುದ್ರಿಸುವಾಗ ಕೊರೆಯುತ್ತಿದ್ದದ್ದು ಮೇಣದ ತಟ್ಟೆಯನ್ನು. ಒಬ್ಬ ವಾದಕ ತಪ್ಪಿದರೂ ತಿದ್ದಲು ದಾರಿಯಿಲ್ಲ. ಆ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕು. ಹೀಗೆ ನಿಂತು ನಿಂತು ನುಡಿಸಿಯೂ ಕೇಳುವವನಿಗೆ ಒಂದೇ ಉಸಿರಿನಲ್ಲಿ ಹರಿದಂತೆ ಅನ್ನಿಸಬೇಕು. ಅಂಗಡಿಗೆ ಬರುತ್ತಿದ್ದ ತಟ್ಟೆಗಳಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುವ ಅಂಟು ಅರಗು. ಅದು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಪ್ರಾಗ್‌ನ ಸಂಗೀತಕ್ಕೂ ನಮ್ಮ ಮರಗಳ ಮೇಲಿನ ಅರಗಿನ ಹುಳುವಿಗೂ ಹೀಗೊಂದು ನಂಟಿತ್ತು.

ಈ 1929ರ ಮುದ್ರಣದಲ್ಲಿ ಪಿಟೀಲುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವ ಬದಲು ಜಾರಿಕೊಂಡು ಹೋಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ಸಂಗೀತದ ಜಾರು ಗಮಕ ಬಲ್ಲವರಿಗೆ ಇದು ಬೇಗ ಕಿವಿಗೆ ಹತ್ತುತ್ತದೆ. ಆ ಕಾಲದ ಯೂರೋಪಿನ ವೃಂದಗಳಲ್ಲಿ ಇದು ಸಾಮಾನ್ಯವಾಗಿತ್ತು. ಮುಂದೆ ಹಳೆಯ ಶೈಲಿ ಎನಿಸಿಕೊಂಡು ಮರೆಯಾಯಿತು.

1935ರಲ್ಲಿ ವೃಂದ ಲಂಡನ್ನಿಗೆ ಹೋದಾಗ ಡ್ವೊರ್ಜಾಕ್ ಅವರ ಎಂಟನೆಯ ಸಿಂಫನಿ ಮತ್ತು ‘ಸ್ಲಾವ್ ನೃತ್ಯಗಳು’ ಅಲ್ಲಿ ಮುದ್ರಣಗೊಂಡವು. ಮತ್ತೆ 1938ರ ಕೊನೆಯಲ್ಲಿ ಆರು ಮತ್ತು ಏಳನೆಯ ಸಿಂಫನಿಗಳು ಮುದ್ರಣಗೊಂಡವು. ಈ ಹಳೆಯ ತಟ್ಟೆಗಳನ್ನು ಹುಡುಕುವವರಿಗೆ ಒಂದು ತೊಡಕು ಎದುರಾಗುತ್ತದೆ. ಡ್ವೊರ್ಜಾಕ್ ಸಿಂಫನಿಗಳ ಹಿಂದಿನ ಸಂಖ್ಯೆಗಳೇ ಬೇರೆ. ಈಗಿನ ಎಂಟನೆಯದು ಆಗ ನಾಲ್ಕನೆಯದು, ಈಗಿನ ಏಳನೆಯದು ಆಗ ಎರಡನೆಯದು.

1938ರ ಆ ಪ್ರವಾಸದ ಹೊತ್ತಿಗೆ ದೇಶವೇ ಹರಿದು ಹೋಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್ನೂ ಫ್ರಾನ್ಸೂ ಸಹಿ ಹಾಕಿ ಜೆಕೊಸ್ಲೊವಾಕಿಯಾದ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟಿದ್ದವು. ಹೀಗೆ ಬಿಟ್ಟುಕೊಟ್ಟ ಬ್ರಿಟನ್ನಿನ ರಾಜಧಾನಿಯಲ್ಲೇ ಕುಳಿತು ಜೆಕ್ ವಾದಕರು ಡ್ವೊರ್ಜಾಕ್‌ನನ್ನು ನುಡಿಸಿದರು.

ಜೂನ್ 5ರ ಸಂಜೆ

1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಮೂರು ತಿಂಗಳು ತುಂಬುವ ಮೊದಲೇ ತಾಲಿಖ್ ‘ಮಾ ವ್ಲಾಸ್ತ್’ ಕೃತಿಯನ್ನು ಎತ್ತಿಕೊಂಡರು. ಅದರಲ್ಲಿ ಆರು ಭಾಗಗಳಿವೆ. ಮೊದಲನೆಯದು ಹಳೆಯ ರಾಜರ ಕೋಟೆ ವಿಷೆಹ್ರಾದ್. ಎರಡನೆಯದು ಎರಡು ಒರತೆಗಳಾಗಿ ಹುಟ್ಟಿ ಪ್ರಾಗ್‌ನೊಳಗೆ ಅಗಲವಾಗಿ ಹರಿಯುವ ವ್ಲತಾವಾ ನದಿ. ಐದನೆಯದು ಹದಿನೈದನೆಯ ಶತಮಾನದಲ್ಲಿ ಯಾನ್ ಹುಸ್‌ನ ಅನುಯಾಯಿಗಳು ಕಟ್ಟಿದ ತಾಬೋರ್ ಪಟ್ಟಣ. ಅವರ ಯುದ್ಧಗೀತೆಯ ಧಾಟಿ ಇಲ್ಲಿ ಕೇಳಿಸುತ್ತದೆ. ಆರನೆಯದು ಬ್ಲಾನಿಕ್ ಬೆಟ್ಟ. ಅದರ ಹೊಟ್ಟೆಯೊಳಗೆ ವೀರರು ಮಲಗಿದ್ದಾರೆ, ನಾಡಿಗೆ ಕೇಡು ಬಂದಾಗ ಎದ್ದು ಬರುತ್ತಾರೆ ಎಂಬುದು ಜೆಕ್ ಜನರ ನಂಬಿಕೆ. ಅಂದು ರಂಗಮಂದಿರದಲ್ಲಿ ಕುಳಿತಿದ್ದವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುದ್ರಣದ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ. ರೇಡಿಯೋ ಪ್ರಸಾರದ ಮೂಲಕ ಬಂದ ಧ್ವನಿ ಅದು. ಆದರೆ ಚಪ್ಪಾಳೆಯ ಆವೇಶ ಮರೆಯುವಂತಿಲ್ಲ. ‘ಬ್ಲಾನಿಕ್’ ಮುಗಿದ ಮೇಲಂತೂ ಚಪ್ಪಾಳೆ ನಿಲ್ಲುವುದೇ ಇಲ್ಲ. ಅದರ ನಡುವೆಯೇ ಸಭಿಕರು ತಾವಾಗಿ ರಾಷ್ಟ್ರಗೀತೆ ಹಾಡತೊಡಗುತ್ತಾರೆ. ಆ ಗೀತೆ ಮೂಲತಃ 1834ರ ನಾಟಕವೊಂದರ ಹಾಡು. ನಾಟಕದಲ್ಲಿ ಅದನ್ನು ಹಾಡುವವನು ಒಬ್ಬ ಕುರುಡ ಪಿಟೀಲುಗಾರ. ಅದರಲ್ಲಿ ಶೌರ್ಯದ ಮಾತಿಲ್ಲ, ಸ್ವಂತ ಮನೆ ಎಲ್ಲಿದೆ ಎಂದು ಕೇಳುವ ಪ್ರಶ್ನೆಯಿದೆ. ಮನೆ ಕಳೆದುಕೊಂಡಿದ್ದ ಜನ ಅದನ್ನು ಆಕ್ರಮಣಕಾರರ ಕಣ್ಣೆದುರಿಗೇ ಹಾಡಿದರು.

ಈ ಕಛೇರಿಯ ಪ್ರಸಾರ ದೇಶದ ಹೊರಗೂ ತಲುಪಿ ನಾರ್ವೆಯ ರೇಡಿಯೋದಲ್ಲಿ ಮುದ್ರಣವಾಗಿ ಉಳಿಯಿತು. 1940ರ ಏಪ್ರಿಲ್‌ನಲ್ಲಿ ನಾರ್ವೆಯೂ ಜರ್ಮನರ ಕೈಸೇರಿತು. ಐದು ವರ್ಷಗಳ ಆ ಆಳ್ವಿಕೆಯನ್ನು ದಾಟಿಯೂ ಮುದ್ರಣ ನಾಶವಾಗದೆ ಉಳಿದದ್ದು ಅದೃಷ್ಟವೇ ಸರಿ.

ಆರೋಪ ಮತ್ತು ಸಾಕ್ಷಿ

ತಾಲಿಖ್ ದೇಶ ಬಿಟ್ಟು ಹೋಗಲಿಲ್ಲ. 1944ರವರೆಗೆ ರಾಷ್ಟ್ರೀಯ ರಂಗಮಂದಿರದ ಒಪೆರಾ ವಿಭಾಗವನ್ನು ನಡೆಸಿದರು. 1941ರಲ್ಲಿ ನಾಜಿ ಅಧಿಕಾರದ ಒತ್ತಾಯಕ್ಕೆ ಮಣಿದು ವೃಂದವನ್ನು ಬರ್ಲಿನ್ನಿಗೆ ಕರೆದೊಯ್ದರು. ಅಲ್ಲಿ ನುಡಿಸಿದ್ದೂ ‘ಮಾ ವ್ಲಾಸ್ತ್’. ಯುದ್ಧ ಮುಗಿದ ಮೇಲೆ ಇದೆಲ್ಲ ಲೆಕ್ಕಕ್ಕೆ ಬಂತು. 1945ರಲ್ಲಿ ಬಂಧನವಾಯಿತು, ಆರೋಪ ನಿಲ್ಲದೆ ಬಿಡುಗಡೆಯೂ ಆಯಿತು. ಆದರೆ ಕಳಂಕ ಅಷ್ಟು ಬೇಗ ತೊಳೆದುಹೋಗುವಂಥದ್ದಲ್ಲ. ಸ್ಮೆತನಾ ಕುರಿತು ಪುಸ್ತಕಗಳನ್ನೇ ಬರೆದಿದ್ದ ಸಚಿವ ಜ್ದೆನೆಕ್ ನೆಯೆದ್ಲಿ ಅವರಿಗೆ ಹಳೆಯ ವಿರೋಧಿ. 1946ರಲ್ಲಿ ತಾಲಿಖ್ ಎಳೆಯರನ್ನು ಸೇರಿಸಿ ಕಟ್ಟಿದ ಚಿಕ್ಕ ವೃಂದ, ಕಮ್ಯುನಿಸ್ಟರು ಅಧಿಕಾರ ಹಿಡಿದ 1948ರಲ್ಲೇ ಮುಚ್ಚಿತು. ಪ್ರಾಗ್‌ನ ವೇದಿಕೆಗಳು ಅವರಿಗೆ ಇಲ್ಲವಾದವು. ಬ್ರಾತಿಸ್ಲಾವಾಕ್ಕೆ ಹೋಗಿ ಅಲ್ಲಿನ ಹೊಸ ಸ್ಲೊವಾಕ್ ಫಿಲ್‌ಹಾರ್ಮೋನಿಕ್‌ಗೆ ಅಡಿಪಾಯ ಹಾಕಿದರು. 1961ರ ಮಾರ್ಚ್ 16ರಂದು ತೀರಿಕೊಂಡರು.

ಬಾಳಿನ ಕೊನೆಗಾಲದಲ್ಲಿ ಸುಪ್ರಾಫೋನ್ ಕಂಪನಿಗಾಗಿ ಅವರು ಮಾಡಿದ ಮುದ್ರಣಗಳು, ಮುಖ್ಯವಾಗಿ 1954ರ ‘ಮಾ ವ್ಲಾಸ್ತ್’, ಲಾಂಗ್ ಪ್ಲೇ ತಟ್ಟೆಗಳಾಗಿ ಜಗತ್ತನ್ನು ತಲುಪಿದವು. ಬಹುಕಾಲ ತಾಲಿಖ್ ಎಂದರೆ ಎಪ್ಪತ್ತು ದಾಟಿದ ಈ ಮುದುಕರೇ ಆಗಿದ್ದರು. ಅರಗಿನ ತಟ್ಟೆಗಳು ಸವೆದವು, ಒಡೆದವು, ಅಂಗಡಿಯಿಂದ ಮಾಯವಾದವು. ಸಿ.ಡಿ.ಗಳು ಬಂದ ಮೇಲೆ, ಉಳಿದ ಪ್ರತಿಗಳನ್ನು ಶುಚಿಗೊಳಿಸಿ ಮರುಮುದ್ರಿಸಿದಾಗಲೇ 46ರ ಹರೆಯದ ತಾಲಿಖ್ ಮತ್ತೆ ಕೇಳಿಸಿದ್ದು.

ಜೂನ್ 5ರ ಧ್ವನಿಮುದ್ರಣ ತಾಲಿಖ್‌ರನ್ನು ನಿರ್ದೋಷಿ ಎಂದು ಸಾಬೀತು ಮಾಡುತ್ತದೆಯೇ? ಇಲ್ಲ. 1939ರ ಧೈರ್ಯ 1941ರ ಪ್ರಯಾಣಕ್ಕೆ ಉತ್ತರವಾಗದು. ಆಕ್ರಮಿತ ನಾಡಿನಲ್ಲಿ ಉಳಿದು ಕೆಲಸ ಮಾಡಿದವನು ಎಲ್ಲಿ ಬಾಗಿದ, ಎಲ್ಲಿ ಬಾಗಲಿಲ್ಲ ಎಂಬುದನ್ನು ಒಂದು ಸಂಜೆಯಿಂದ ಅಳೆಯಲಾಗದು. ಆದರೆ ಅವರ ಮೇಲೆ ತೀರ್ಪು ಕೊಟ್ಟವರ ಮುಂದೆ ಈ ಮುದ್ರಣ ಇರಲಿಲ್ಲ, ನಮ್ಮ ಮುಂದೆ ಇದೆ. ಆ ಸಂಜೆ ಅವರು ಯಾವ ಕೃತಿಯನ್ನು ಆರಿಸಿಕೊಂಡರು, ಅದನ್ನು ಹೇಗೆ ನಡೆಸಿದರು, ಅದಕ್ಕೆ ಜನ ಏನು ಮಾಡಿದರು ಎಂಬುದನ್ನು ಈಗ ಯಾರ ಮಾತಿನ ಹಂಗೂ ಇಲ್ಲದೆ ಕೇಳಬಹುದು.

ಆಸಕ್ತರು ಮೂರೂ ಮುದ್ರಣಗಳಿಂದ ‘ವ್ಲತಾವಾ’ ಭಾಗವನ್ನಷ್ಟೇ ವರ್ಷಾನುಕ್ರಮದಲ್ಲಿ ಕೇಳಿದರೂ ಸಾಕು. ಹನ್ನೆರಡು ನಿಮಿಷದ ಒಂದೇ ನದಿ. 1929ರಲ್ಲಿ ಅದು ಹೊಸ ದೇಶದ ನದಿ, 1939ರಲ್ಲಿ ಸೆರೆಯಾದ ದೇಶದ್ದು, 1954ರಲ್ಲಿ ಬಹಳಷ್ಟನ್ನು ಕಂಡು ದಣಿದ ಒಬ್ಬ ಮನುಷ್ಯನದು. ಆ ಬಳಿಕ 1939ರ ಮುದ್ರಣದ ಕೊನೆಗೆ ಹೋಗಿ, ಚಪ್ಪಾಳೆಯ ನಡುವೆ ಏಳುವ ಹಾಡನ್ನು ಕೇಳಬೇಕು. ಹಾಡಿದವರ ಹೆಸರು ಯಾವ ತಟ್ಟೆಯ ಮೇಲೂ ಇಲ್ಲ.