ಪದಕದ ಹಿಂದಿನ ದಾರಿ: ನಮ್ಮ ನಾಲ್ಕು ತಾಲ್ಲೂಕುಗಳ ಕಲಿಕೆ ಮತ್ತು ಆಟದ ಚರಿತ್ರೆ



ಶೈಕ್ಷಣಿಕ ವರ್ಷ ಕೊನೆಗೊಳ್ಳುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಲ್ಲ ಕಡೆಯೂ ಶಾಲಾ ವಾರ್ಷಿಕೋತ್ಸವಗಳ ಸಂಭ್ರಮ. ಮುಖ್ಯೋಪಾಧ್ಯಾಯರು ವರದಿ ಓದುತ್ತಾರೆ. ಓಟದಲ್ಲಿ, ಖೋಖೋದಲ್ಲಿ, ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದವರ ಹೆಸರು ಕರೆಯುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಸ್ಮರಣಿಕೆ. ಇದೆಲ್ಲ ಆಗಲೇಬೇಕಾದದ್ದು. ಆದರೆ ಒಂದು ಮಗು ಈ ವೇದಿಕೆಯ ಮೆಟ್ಟಿಲು ಹತ್ತಲು ಎಷ್ಟು ತಲೆಮಾರುಗಳ ದಾರಿ ಬೇಕಾಯಿತು ಎಂಬುದನ್ನು ನಾವು ಯೋಚಿಸಿದ್ದು ಕಡಿಮೆ. ಆ ದಾರಿಯನ್ನು ಸ್ವಲ್ಪ ಹಿಂತಿರುಗಿ ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ಊರುಗಳು, ನಮ್ಮ ಕೆಲಸಗಳು

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಇಲ್ಲಿನ ಬದುಕು ಒಂದೇ ಬಗೆಯದಲ್ಲ. ಕೃಷ್ಣರಾಜನಗರವು ಹಳೆಯ ಯಡತೊರೆಯ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಬೆಳೆದ ಪಟ್ಟಣ. ಕಾವೇರಿಯ ನಾಲೆಗಳಿಂದ ಭತ್ತದ ನಾಡಾಯಿತು. ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ದನಗಳ ದೊಡ್ಡ ಕೇಂದ್ರ. ಸೈನ್ಯಕ್ಕೆ ಬೇಕಾದ ಚರ್ಮ, ಗಾಡಿ, ಮರದ ಕೆಲಸ ಇಲ್ಲಿ ನಡೆಯುತ್ತಿತ್ತು. ಪಿರಿಯಾಪಟ್ಟಣ ಮತ್ತು ಹುಣಸೂರಿನ ಹೊಲಗಳನ್ನು ಈಗ ಆಳುತ್ತಿರುವುದು ವರ್ಜೀನಿಯಾ ಹೊಗೆಸೊಪ್ಪು. ಹೆಗ್ಗಡದೇವನಕೋಟೆ ಕಾಡಿನ ಸೀಮೆ. ಕಬಿನಿ ಜಲಾಶಯ 1974ರಲ್ಲಿ ಪೂರ್ಣಗೊಂಡಾಗ ಎಷ್ಟೋ ಹಳ್ಳಿಗಳು ಜಾಗ ಬದಲಿಸಿದವು.

ಇಂಥ ಊರುಗಳಲ್ಲಿ ನಮ್ಮ ಸಮುದಾಯದ ಹೆಚ್ಚಿನವರು ಸಣ್ಣ ವ್ಯಾಪಾರ, ಗಾಡಿ ಮತ್ತು ಲಾರಿ, ಮರಗೆಲಸ, ಗ್ಯಾರೇಜು, ಕೂಲಿ ಇವುಗಳನ್ನೇ ನಂಬಿಕೊಂಡವರು. ಕೈಕೆಲಸ ಬಲ್ಲವನಿಗೆ ಅನ್ನಕ್ಕೆ ಕೊರತೆಯಿಲ್ಲ ಎಂಬುದು ಹಿರಿಯರ ಮಾತು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದೇ ಮಾತು ಹನ್ನೆರಡು ಹದಿಮೂರು ವರ್ಷದ ಹುಡುಗನನ್ನು ಶಾಲೆಯಿಂದ ಎಬ್ಬಿಸಿ ಗ್ಯಾರೇಜಿಗೆ ಕರೆದೊಯ್ದದ್ದೂ ಉಂಟು.

ಶಾಲೆ ಬಂದ ಬಗೆ

ಹಳೆಯ ಮೈಸೂರು ಸಂಸ್ಥಾನ ಶಿಕ್ಷಣದ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1868ರ ಹೋಬಳಿ ಶಾಲೆಗಳ ಯೋಜನೆಯಿಂದ ಹಳ್ಳಿಗಳ ಕಡೆಗೂ ಸರ್ಕಾರಿ ಶಾಲೆ ನಡೆದು ಬಂತು. ಮುಸ್ಲಿಂ ಮಕ್ಕಳಿಗಾಗಿ ಹಿಂದೂಸ್ತಾನಿ ಶಾಲೆಗಳೂ ತೆರೆದವು. ಇಂದಿನ ನಮ್ಮ ಉರ್ದು ಶಾಲೆಗಳ ಅಜ್ಜಂದಿರು ಅವು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಶಾಲೆಗಳು ಹೆಚ್ಚಿದವು ನಿಜ. ಆದರೆ ಓದಿದವರು ಯಾರು, ಉದ್ಯೋಗ ಸಿಕ್ಕಿದ್ದು ಯಾರಿಗೆ? ಈ ಪ್ರಶ್ನೆ ಎದ್ದಾಗ ನಾಲ್ವಡಿಯವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಮರುವರ್ಷ ಬಂದ ವರದಿ, ಮುಸ್ಲಿಮರೂ ಸೇರಿದಂತೆ ಹಿಂದುಳಿದ ಸಮುದಾಯಗಳಿಗೆ ವಿದ್ಯಾರ್ಥಿವೇತನ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡಬೇಕೆಂದಿತು. ಮಕ್ಕಳಿಗೆ ಇಂದು ಸಿಗುವ ಸ್ಕಾಲರ್‌ಶಿಪ್ಪಿನ ಬೇರು ಹುಡುಕುತ್ತ ಹೋದರೆ ಈ ವರದಿಯವರೆಗೆ ಹೋಗಬೇಕು.

1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಅವರು ಬಾಲ್ಯದಲ್ಲಿ ನಾಲ್ವಡಿಯವರ ಸಹಪಾಠಿ. ಒಂದೇ ಬೆಂಚಿನ ಗೆಳೆತನ ಮುಂದೆ ಸಂಸ್ಥಾನದ ಆಡಳಿತಕ್ಕೆ ಆಸರೆಯಾಯಿತು. ಬೇರೆ ಬೇರೆ ಮನೆಗಳ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವುದರ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಸ್ವಾತಂತ್ರ್ಯದ ನಂತರದ ದೊಡ್ಡ ಹೆಜ್ಜೆ ನಮ್ಮ ಹುಣಸೂರಿನಿಂದಲೇ ಹೊರಟಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಡಿ. ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾದ ವರ್ಷವೇ ಎಲ್.ಜಿ. ಹಾವನೂರು ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ ಬಂತು. 1977ರ ಸರ್ಕಾರಿ ಆದೇಶದಲ್ಲಿ ಮುಸ್ಲಿಮರಿಗೂ ಹಿಂದುಳಿದ ವರ್ಗಗಳ ಸೌಲಭ್ಯ ದೊರೆಯಿತು. ಹಳ್ಳಿಯ ಬಡ ಹುಡುಗನಿಗೆ ಹಾಸ್ಟೆಲಿನ ಒಂದು ಮೂಲೆ, ಎರಡು ಹೊತ್ತಿನ ಊಟ ಸಿಕ್ಕರೆ ಅವನು ಕಾಲೇಜಿನವರೆಗೆ ಹೋಗಬಲ್ಲ ಎಂಬುದನ್ನು ಆ ದಶಕ ತೋರಿಸಿಕೊಟ್ಟಿತು. ಸಮುದಾಯವೂ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಕಟ್ಟಿದ ಅಲ್-ಅಮೀನ್ ಶಿಕ್ಷಣ ಸಂಸ್ಥೆ ರಾಜ್ಯದ ಅನೇಕ ಊರುಗಳ ಸಂಘಗಳಿಗೆ ಮಾದರಿಯಾಯಿತು.

ಮೈದಾನದ ಚರಿತ್ರೆ

ಓದುಗರೇ, ಆಟವೆಂದರೆ ಹೊತ್ತು ಹಾಳು ಎಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ. ಇದು ನಮ್ಮ ಚರಿತ್ರೆಗೆ ಒಪ್ಪುವ ಮಾತಲ್ಲ. ಸರ್ ಸೈಯದ್ ಅಹ್ಮದ್ ಖಾನರು ಅಲಿಗಢದಲ್ಲಿ 1875ರಲ್ಲಿ ಶಾಲೆ ತೆರೆದರು. ಅದು 1877ರಲ್ಲಿ ಕಾಲೇಜಾಯಿತು, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಗ್ರಂಥಾಲಯದಷ್ಟೇ ಹೆಸರು ಮಾಡಿದ್ದು ಕ್ರಿಕೆಟ್ ಮೈದಾನ ಮತ್ತು ಚರ್ಚಾಕೂಟ. ಮಾತು, ಮೈ, ಮನಸ್ಸು ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು ಆ ಸಂಸ್ಥೆಯ ರೀತಿ.

ನಮ್ಮ ಸಂಸ್ಥಾನದ ಕಥೆ ಇನ್ನೂ ರೋಚಕ. ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ 1891ರಲ್ಲಿ ಶುರುವಾಯಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಸೈನಿಕ ತಂಡಗಳೇ ಅದನ್ನು ಗೆಲ್ಲುತ್ತ ಬಂದವು. ಆ ಸಾಲನ್ನು ಮುರಿದದ್ದು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಕಪ್ಪು ಅವರದೇ. ಪರಕೀಯರ ಆಳ್ವಿಕೆಯ ಕಾಲದಲ್ಲಿ ಆ ಗೆಲುವು ದೇಶಕ್ಕೆಲ್ಲ ಹೆಮ್ಮೆ ತಂದಿತು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದರು. ಲಂಡನ್ನಿನಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 2–1ರಿಂದ ಸೋತರು. ಅಂದು ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಕೂಡ ಮೈಸೂರು ಸಂಸ್ಥಾನದವರೇ. ಅಹ್ಮದ್ ಮತ್ತು ರಾಮನ್ ಒಂದೇ ಸಂಸ್ಥಾನದ ಹುಡುಗರಾಗಿ ಒಂದೇ ಅಂಗಿ ತೊಟ್ಟದ್ದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಯಿತು. ಅದೇ ಕೈಯಿಂದ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯ ತಂದುಕೊಟ್ಟರು. ಬೆಂಗಳೂರಿನ ಸೈಯದ್ ಕಿರ್ಮಾನಿ 88 ಟೆಸ್ಟ್ ಆಡಿ 1983ರ ವಿಶ್ವಕಪ್ ಗೆದ್ದ ತಂಡದ ವಿಕೆಟ್ ಕೀಪರ್ ಆಗಿದ್ದರು. ಮೈಸೂರಿನ ಜಾವಗಲ್ ಶ್ರೀನಾಥ್ ಎಂಜಿನಿಯರಿಂಗ್ ಪದವಿ ಓದುತ್ತಲೇ ಬೌಲರ್ ಆಗಿ ಬೆಳೆದು 236 ಟೆಸ್ಟ್ ವಿಕೆಟ್ ಪಡೆದರು. ಓದಿದರೆ ಆಟ ಕೆಡುತ್ತದೆ, ಆಡಿದರೆ ಓದು ಕೆಡುತ್ತದೆ ಎನ್ನುವವರಿಗೆ ಇದೇ ಉತ್ತರ.

ಇವರೆಲ್ಲ ದೊಡ್ಡ ನಗರದವರು ಎಂದು ನೀವು ಹೇಳಬಹುದು. ಹಾಗಾದರೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿಗೆ ಬನ್ನಿ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊಟ್ಟಮೊದಲ ಖೋಖೋ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳಾ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿ ಕುರುಬೂರಿನ ಬಿ. ಚೈತ್ರಾ ಇದ್ದರು. ಖೋಖೋಗೆ ಬೇಕಾದದ್ದು ಎರಡು ಕಂಬ, ಸ್ವಲ್ಪ ಜಾಗ, ಬಿಡದೆ ಅಭ್ಯಾಸ ಮಾಡಿಸುವ ಒಬ್ಬ ಶಿಕ್ಷಕ. ಇವು ಮೂರೂ ನಮ್ಮ ಯಾವ ಹಳ್ಳಿಯಲ್ಲಿ ಸಿಗುವುದಿಲ್ಲ?

ಹೊಗೆಸೊಪ್ಪಿನ ಕಾಲ, ಕ್ರೀಡಾಕೂಟದ ಕಾಲ

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳಬೇಕು. ನಮ್ಮ ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಕೆಳಗಿನ ಮೆಟ್ಟಿಲು ಏರದೆ ಮೇಲಿನದಕ್ಕೆ ದಾರಿಯಿಲ್ಲ. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕೂಟಗಳು ಬರುವುದು ಮಳೆಗಾಲದಲ್ಲಿ, ಶಾಲೆ ಶುರುವಾದ ಎರಡು ಮೂರು ತಿಂಗಳಿಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೇಯಿಸುವುದೂ ಅದೇ ಹೊತ್ತಿನಲ್ಲಿ. ಮನೆಮಂದಿಯೆಲ್ಲ ದುಡಿಯುವ ಆ ವಾರಗಳಲ್ಲಿ ಸೊಪ್ಪು ಕಟ್ಟಲು ಮಕ್ಕಳ ಕೈಯೂ ಸೇರುತ್ತದೆ. ಚೆನ್ನಾಗಿ ಓಡುವ ಹುಡುಗಿ ಓಟದ ದಿನ ಗೈರುಹಾಜರಾದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಆ ವರ್ಷದ ಬಾಗಿಲು ಮಾತ್ರ ಅವಳಿಗೆ ಅಂದೇ ಮುಚ್ಚುತ್ತದೆ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ ಮಕ್ಕಳ ಪಾಡೂ ಹೀಗೆಯೇ. ನಮ್ಮ ಕಷ್ಟವೇ ದೊಡ್ಡದೆಂದು ಭಾವಿಸುವ ಮೊದಲು ಅವರ ಹಾದಿಯನ್ನೂ ನೋಡೋಣ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದ ಟಿಬೆಟನ್ನರು ಕಾಡು ಕಡಿದು ಹೊಲ ಮಾಡಿಕೊಂಡರು. ಜೊತೆಗೇ ಮಕ್ಕಳಿಗೆ ಶಾಲೆಯನ್ನೂ ಮಾಡಿಕೊಂಡರು. ಮನೆಯಷ್ಟೇ ಶಾಲೆಯೂ ಮುಖ್ಯವೆಂದು ತಿಳಿದ ಜನ ಅವರು. ಅವರಿಂದ ನಾವು ಕಲಿಯಬೇಕಾದದ್ದಿದೆ.

ಭಾಷೆಯ ಹೊಸಿಲು

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾಗಿ ಒಂದು ಮಾತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್: ನಮ್ಮ ಮಗು ಮೂರು ಹೊಸಿಲು ದಾಟಬೇಕು. ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಸೇರುವಾಗ ಅನೇಕರು ಎಡವುತ್ತಾರೆ. ಎಡವಿದವರು ದಡ್ಡರಲ್ಲ. ಆ ಹೊಸಿಲಲ್ಲಿ ಕೈಹಿಡಿಯುವವರು ಬೇಕು, ಅಷ್ಟೆ.

ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಿ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅದೇ ಕನ್ನಡದಲ್ಲಿ ಬರೆದ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಅದೇ ವರ್ಷ ಮೈಸೂರು ದಸರೆಯನ್ನು ಅವರೇ ಉದ್ಘಾಟಿಸಿದರು. ಅವರಿಗಿಂತ ಮೊದಲು, 2017ರಲ್ಲಿ, ಆ ಗೌರವ ಪಡೆದವರು ಕವಿ ಕೆ.ಎಸ್. ನಿಸಾರ್ ಅಹಮದ್, ವೃತ್ತಿಯಲ್ಲಿ ಅವರು ಭೂವಿಜ್ಞಾನದ ಅಧ್ಯಾಪಕರು. 2022ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ 16 ಚಿನ್ನದ ಪದಕ ಪಡೆದವಳು ರಾಯಚೂರಿನ ಒಬ್ಬ ಮುಸ್ಲಿಂ ವಿದ್ಯಾರ್ಥಿನಿ.

ಬಹುಮಾನ ಯಾರಿಗೆ?

2006ರ ಸಾಚಾರ್ ಸಮಿತಿ ವರದಿಯ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2001ರ ಜನಗಣತಿಯಂತೆ ದೇಶದ ಮುಸ್ಲಿಮರ ಸಾಕ್ಷರತೆ ಶೇ. 59.1 ಇದ್ದರೆ ಕರ್ನಾಟಕದ ಮುಸ್ಲಿಮರಲ್ಲಿ ಅದು ಶೇ. 70.1, ಇದು ರಾಜ್ಯದ ಸರಾಸರಿ ಶೇ. 66.6ಕ್ಕಿಂತಲೂ ಹೆಚ್ಚು. ಆದರೆ ಇಡೀ ದೇಶದಲ್ಲಿ ಪದವಿಯವರೆಗೆ ಮುಟ್ಟಿದ ಮುಸ್ಲಿಮರು ಶೇ. 4ಕ್ಕಿಂತ ಕಡಿಮೆ. ಅಂದರೆ ಶಾಲೆಗೆ ಸೇರುವುದನ್ನು ನಾವು ಕಲಿತಿದ್ದೇವೆ. ಅಲ್ಲಿ ಉಳಿಯುವುದನ್ನು ಇನ್ನೂ ಕಲಿಯಬೇಕಾಗಿದೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. 625ಕ್ಕೆ 600 ಪಡೆದ ಮಗುವನ್ನು ಖಂಡಿತ ಸನ್ಮಾನಿಸೋಣ. ಜೊತೆಗೆ ಹೊಗೆಸೊಪ್ಪಿನ ಕಾಲದಲ್ಲೂ ಒಂದು ದಿನ ತಪ್ಪಿಸದೆ ಬಂದ ಮಗುವಿಗೂ ಬಹುಮಾನ ಇರಲಿ. ಮೊದಲ ಸಲ ಅನುತ್ತೀರ್ಣನಾಗಿ ಮತ್ತೆ ಕುಳಿತು ತೇರ್ಗಡೆಯಾದವನಿಗೂ ಇರಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಅದನ್ನು ಮನೆಮನೆಗೆ ತಿಳಿಸೋಣ. ಏಳನೆಯ ತರಗತಿಯ ನಂತರವೂ ಮೈದಾನಕ್ಕಿಳಿಯುವ ಹೆಣ್ಣುಮಗಳಿಗೂ, ಅವಳನ್ನು ಕಳಿಸಿದ ತಾಯಿಗೂ ಒಂದು ಚಪ್ಪಾಳೆ ಇರಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕೈಗೆ ಬರುವ ಪದಕ ನಿಮ್ಮೊಬ್ಬರದೇ ಅಲ್ಲ. ಅದರಲ್ಲಿ ಹೋಬಳಿ ಶಾಲೆಯ ಮೇಷ್ಟರಿದ್ದಾರೆ, ಮಿಲ್ಲರ್ ವರದಿಯಿದೆ, ಹಾಸ್ಟೆಲಿನ ಅನ್ನವಿದೆ, ಬರಿಗಾಲಲ್ಲಿ ಓಡಿದವರ ಬೆವರಿದೆ. ಈ ವರ್ಷ ಗೆದ್ದವರಿಗೆ ಹೃತ್ಪೂರ್ವಕ ಅಭಿನಂದನೆಗಳು. ಗೆಲ್ಲದವರು ಜೂನ್ ತಿಂಗಳಲ್ಲಿ ತಪ್ಪದೆ ಶಾಲೆಗೆ ಮರಳಿ ಬರಲಿ ಎಂಬುದೇ ನನ್ನ ಆಶಯ.